ರಟ್ಟೆಯಲ್ಲಿ ಬಲ ಇರಲಿ

ಅವತ್ತು ನಮ್ಮ ಕಲಿಕಾ ಕೇಂದ್ರದಲ್ಲಿ ಟ ಒತ್ತಿನ ಪಾಠ. ರೊಟ್ಟಿ, ಬಟ್ಟೆ, ಬೆಟ್ಟ, ತೊಟ್ಟಿಲು ಎಂದು ಬೋರ್ಡಿನ ಮೇಲೆ ಬರೆದಿದ್ದೆ. "ಇನ್ನೊಂದು ಪದ ಯಾರಾದರೂ ಹೇಳಿ" ಅಂದೆ.

"ರಟ್ಟೆ" ಅಂತ ಹಿಂದಿನಿಂದ ಒಂದು ದನಿ ಬಂತು. ಎಲ್ಲರೂ ನಕ್ಕರು.

ಹೇಳಿದವರು ದೊಡ್ಡಕ್ಕ. ಊರಿಗೆಲ್ಲ ಅವರು ದೊಡ್ಡಕ್ಕನೇ. ವಯಸ್ಸು ಐವತ್ತೆರಡು. ಒಳ್ಳೆಯ ಪದವನ್ನೇ ಹೇಳಿದ್ದರು. ಭುಜದಿಂದ ಮೊಣಕೈವರೆಗಿನ ತೋಳು ರಟ್ಟೆ. "ಬಂದು ಬರೆಯಿರಿ ದೊಡ್ಡಕ್ಕ" ಎಂದು ಸೀಮೆಸುಣ್ಣ ಕೊಟ್ಟೆ.

ಬೋರ್ಡಿನ ಮೇಲ್ಗಡೆ ಮಾತ್ರ ಜಾಗ ಉಳಿದಿತ್ತು. ದೊಡ್ಡಕ್ಕ ಬಲಗೈ ಎತ್ತಿದರು. ಕೈ ಭುಜದವರೆಗೆ ಬಂತು. ಅಲ್ಲಿಂದ ಮೇಲೆ ಏಳಲಿಲ್ಲ. ಮುಖ ಕಿವುಚಿದರು. "ನಂಗೆ ಬರೆಯೋಕೆ ಬರಲ್ಲ, ಬಿಡಿ ಟೀಚರಮ್ಮ" ಅಂದು ಹೋಗಿ ಕೂತರು.

ಅವರಿಗೆ ಬರೆಯಲು ಬರುತ್ತದೆ. ನನಗೆ ಗೊತ್ತು. ಪಾಠ ಮುಗಿದ ಮೇಲೆ ಪಕ್ಕದಲ್ಲಿ ಕೂತು ಕೇಳಿದೆ. ಆಗ ಹೇಳಿದರು.

"ಆರು ತಿಂಗಳಾಯ್ತು ಕಣವ್ವ. ತಲೆ ಬಾಚೋಕೆ ಆಗಲ್ಲ. ತುರುಬು ಸೊಸೆ ಕಟ್ಟಬೇಕು. ರವಿಕೆ ತೊಡೋಕೂ ಅವಳನ್ನೇ ಕರೀಬೇಕು. ಹೋದ ತಿಂಗಳು ಬಚ್ಚಲಲ್ಲಿ ಜಾರಿ ಕೂತೆ. ಕೈ ಊರಿ ಏಳೋಣ ಅಂದ್ರೆ ಕೈಯಲ್ಲಿ ಕಸುವೇ ಇಲ್ಲ. ಸೊಸೆ ಹೊಲದಿಂದ ಬರೋವರೆಗೂ ಒದ್ದೆ ನೆಲದಲ್ಲೇ ಕೂತಿದ್ದೆ. ಇದನ್ನ ಯಾರಿಗೆ ಹೇಳ್ಕೊಳ್ಳಲಿ?"

ಮಾರನೆಯ ದಿನ ಎಲ್ಲರಿಗೂ ಹೇಳಿದೆ. "ಎರಡೂ ಕೈ ನೆಟ್ಟಗೆ ಮೇಲಕ್ಕೆ ಎತ್ತಿ. ತೋಳು ಕಿವಿಗೆ ತಾಗಲಿ." ನಾಲ್ಕೈದು ಜನರ ತೋಳು ಕಿವಿಯ ಹತ್ತಿರವೂ ಬರಲಿಲ್ಲ. ಎಲ್ಲರೂ ನಲವತ್ತು ದಾಟಿದವರು. ಯಾರೂ ಮನೆಯಲ್ಲಿ ಹೇಳಿರಲಿಲ್ಲ. ವಯಸ್ಸಾಯ್ತು, ಇನ್ನೇನು ಅಂತ ಸುಮ್ಮನಿದ್ದರು.

ನೀವೂ ಈಗ ಪುಸ್ತಕ ಕೆಳಗಿಟ್ಟು ಕೈ ಎತ್ತಿ ನೋಡಿ. ಆಮೇಲೆ ಮುಂದೆ ಓದಿ.

ಒನಕೆ ಅಟ್ಟ ಸೇರಿತು

ನಮ್ಮ ಅಜ್ಜಿಯರು ರಾಗಿ ಬೀಸುತ್ತಿದ್ದರು. ಭತ್ತ ಕುಟ್ಟುತ್ತಿದ್ದರು. ಬಾವಿಯಿಂದ ನೀರು ಸೇದುತ್ತಿದ್ದರು. ಒರಳಲ್ಲಿ ಖಾರ ರುಬ್ಬುತ್ತಿದ್ದರು. ಎಲ್ಲವೂ ರಟ್ಟೆಯ ಕೆಲಸ.

ಈಗ ರಾಗಿ ಗಿರಣಿಗೆ ಹೋಗುತ್ತದೆ. ಖಾರ ಮಿಕ್ಸಿಗೆ ಹೋಗುತ್ತದೆ. ಬಹಳ ಊರುಗಳಲ್ಲಿ ಮನೆ ಮುಂದೆಯೇ ನಲ್ಲಿ ಬಂದಿದೆ. ಒಳ್ಳೆಯದೇ ಆಯಿತು. ಬೀಸಿ ಬೀಸಿ ಅಜ್ಜಿಯರ ಬೆನ್ನು ಬಾಗಿದ್ದನ್ನೂ ನಾನು ನೋಡಿದ್ದೇನೆ. ಮತ್ತೆ ಬೀಸುಕಲ್ಲು ಹಿಡಿಯಿರಿ ಎಂದು ನಾನು ಹೇಳುವುದಿಲ್ಲ.

ಒಬ್ಬ ಅಕ್ಕ ತಮಾಷೆಗೆ ಕೇಳಿದರು. "ಓಬವ್ವ ಚಿತ್ರದುರ್ಗದ ಕೋಟೆ ಕಿಂಡೀಲಿ ಒನಕೆ ಹಿಡಿದು ನಿಂತಳಲ್ಲ, ಅವಳೇನು ವ್ಯಾಯಾಮ ಮಾಡಿದ್ಲಾ?"

"ಅವಳ ಕೈಗೆ ದಿನಾ ಒನಕೆ ಇತ್ತು ಕಣಕ್ಕ. ನಿಮ್ಮ ಮನೆ ಒನಕೆ ಎಲ್ಲಿದೆ?"

"ಅಟ್ಟದ ಮೇಲೆ!"

ಮತ್ತೆ ನಗು. ಆದರೆ ವಿಷಯ ಅಲ್ಲೇ ಇದೆ. ಕೈಗೆ ಭಾರ ತಪ್ಪಿತು. ಅದೇ ಹೊತ್ತಿಗೆ ನಮಗೆ ವಯಸ್ಸೂ ಆಯಿತು.

ರಟ್ಟೆಯ ಒಳಗೆ

ತೊಗಲಿನ ಕೆಳಗೆ ಮಾಂಸಖಂಡ ಇದೆ. ಅದರ ಒಳಗೆ ಎಲುಬು ಇದೆ. ಎತ್ತುವುದು, ಎಳೆಯುವುದು, ತಳ್ಳುವುದು ಎಲ್ಲ ಮಾಂಸಖಂಡದ ಕೆಲಸ. ಮೂವತ್ತು ವರ್ಷ ದಾಟಿದ ಮೇಲೆ ಮಾಂಸಖಂಡ ನಿಧಾನವಾಗಿ ಕರಗುತ್ತದೆ. ಹತ್ತು ವರ್ಷಕ್ಕೆ ನೂರರಲ್ಲಿ 3ರಿಂದ 8 ಪಾಲು ಹೋಗುತ್ತದೆ. ಅರವತ್ತರ ಮೇಲೆ ಇನ್ನೂ ಬೇಗ. ಮೈ ದಪ್ಪ ಇದ್ದರೂ ಒಳಗೆ ಇದು ನಡೆಯುತ್ತದೆ. ಕನ್ನಡಿಯಲ್ಲಿ ಕಾಣುವುದಿಲ್ಲ.

ಹೆಂಗಸರಿಗೆ ಇನ್ನೊಂದು ಕಷ್ಟ. 45ರಿಂದ 50ರ ಸುಮಾರಿಗೆ ಮುಟ್ಟು ನಿಲ್ಲುತ್ತದೆ. ಆಮೇಲೆ ಎಲುಬು ಬೇಗ ಸವೆಯುತ್ತದೆ. ಬಿದ್ದಾಗ ನಾವು ಕೈ ಊರುತ್ತೇವೆ. ಮಣಿಕಟ್ಟಿನ ಎಲುಬು ಮುರಿಯುತ್ತದೆ.

ನನ್ನ ಅಮ್ಮನಿಗೆ ಹೀಗೇ ಆಯಿತು. ಆಗ ಅವರಿಗೆ ಐವತ್ತಾರು. ಒರೆಸಿದ ನೆಲದಲ್ಲಿ ಕಾಲು ಜಾರಿತು. ಆರು ವಾರ ಕೈಗೆ ಪಟ್ಟಿ. ಪಟ್ಟಿ ಬಿಚ್ಚಿದಾಗ ಕೈ ಕಡ್ಡಿಯ ಹಾಗಿತ್ತು. ಮುದ್ದೆ ತೊಳಸುವುದು ಇರಲಿ, ಲೋಟ ಹಿಡಿಯಲು ಆಗಲಿಲ್ಲ. ಆಸ್ಪತ್ರೆಯಲ್ಲಿ ಅವರಿಗೆ ಒಂದು ಒದ್ದೆ ಟವಲು ಕೊಟ್ಟು "ಹಿಂಡಿ" ಅಂದರು. ಅಮ್ಮನಿಗೆ ಅಳು ಬಂತು. ಹಿಂಡುತ್ತ ಹಿಂಡುತ್ತ ಮೂರು ತಿಂಗಳಿಗೆ ಮುದ್ದೆ ಕಟ್ಟಿದರು. ಆರು ವಾರ ಕೆಲಸ ಇಲ್ಲದ್ದಕ್ಕೇ ಕೈ ಅಷ್ಟು ಸೊರಗಿತ್ತು.

ಹಾಲು ಕರೆಯದೆ ಬಿಟ್ಟ ಹಸು ಬತ್ತುತ್ತದೆ. ರಟ್ಟೆಯೂ ಹಾಗೆ. ಆದರೆ ಒಂದು ವ್ಯತ್ಯಾಸ ಇದೆ. ಬತ್ತಿದ ಹಸು ಮತ್ತೆ ಕರು ಹಾಕುವವರೆಗೂ ಹಾಲಿಲ್ಲ. ರಟ್ಟೆಗೆ ಕೆಲಸ ಕೊಟ್ಟರೆ ಯಾವ ವಯಸ್ಸಿನಲ್ಲೂ ಬಲ ತಿರುಗಿ ಬರುತ್ತದೆ.

1990ರಲ್ಲಿ ಅಮೆರಿಕದ ಬೋಸ್ಟನ್ ಎಂಬ ಊರಿನ ವೈದ್ಯರು ಇದನ್ನು ತೋರಿಸಿದರು. ವೃದ್ಧಾಶ್ರಮದಲ್ಲಿದ್ದ ಹತ್ತು ಜನರನ್ನು ಆರಿಸಿದರು. ಅವರ ವಯಸ್ಸು ತೊಂಬತ್ತರ ಆಸುಪಾಸು. ಎಂಟು ವಾರ ಕಾಲಿನಿಂದ ಭಾರ ಎತ್ತಿಸಿದರು. ಒಬ್ಬರು ನಡುವೆ ಬಿಟ್ಟರು. ಉಳಿದವರ ಕಾಲಿನ ಬಲ ಎರಡು ಪಟ್ಟಿಗಿಂತ ಹೆಚ್ಚಾಯಿತು. ಅದು ಕಾಲು, ನಿಜ. ಕೈಯ ಮಾಂಸಖಂಡದ ಗುಣವೂ ಅದೇ.

ಕೈಯ ಬಗ್ಗೆಯೂ ಒಂದು ಅಧ್ಯಯನ ಇದೆ. 17 ದೇಶಗಳ ಸುಮಾರು 1 ಲಕ್ಷ 40 ಸಾವಿರ ಜನರ ಮುಷ್ಟಿಯ ಬಿಗಿಯನ್ನು ಅಳೆದರು. ನಮ್ಮ ದೇಶದವರೂ ಅದರಲ್ಲಿ ಇದ್ದರು. 2015ರಲ್ಲಿ ಅದು ಅಚ್ಚಾಯಿತು. ಮುಷ್ಟಿಯ ಬಿಗಿ ಕಡಿಮೆ ಇದ್ದವರಲ್ಲಿ ಮುಂದಿನ ವರ್ಷಗಳಲ್ಲಿ ಸಾವು ಹೆಚ್ಚು ಕಂಡಿತ್ತು. ಮುಷ್ಟಿ ಸಡಿಲ ಆದರೆ ಸಾಯುತ್ತಾರೆ ಅಂತ ಇದರ ಅರ್ಥ ಅಲ್ಲ. ಮೈಯ ಒಟ್ಟು ಬಲ ಎಷ್ಟಿದೆ ಎಂದು ಮುಷ್ಟಿ ಹೇಳುತ್ತದೆ, ಅಷ್ಟೆ.

"ನಾವು ಹೊಲದಲ್ಲಿ ಗೇಯ್ತೀವಲ್ಲ?"

ಈ ಪ್ರಶ್ನೆ ಬಂದೇ ಬರುತ್ತದೆ. ನಮ್ಮ ಕೇಂದ್ರದಲ್ಲೂ ಬಂತು. "ಬೆಳಗಿನಿಂದ ಸಂಜೆವರೆಗೂ ಕಳೆ ಕೀಳ್ತೀವಿ. ಮನೆಗೆ ಬಂದು ಮುಸುರೆ ತಿಕ್ತೀವಿ. ಇನ್ನು ವ್ಯಾಯಾಮ ಬೇರೆಯಾ? ಅದು ಪೇಟೆಯೋರಿಗೆ."

ಸರಿಯಾದ ಮಾತು. ಅದಕ್ಕೆ ನಾನು ಇನ್ನೊಂದು ಪ್ರಶ್ನೆ ಕೇಳಿದೆ. ಕಳೆ ಕೀಳುವಾಗ ಕೈ ಎಲ್ಲಿರುತ್ತದೆ? ಕೆಳಗೆ. ಮುಸುರೆ ತಿಕ್ಕುವಾಗ? ಕೆಳಗೆ, ಮುಂದೆ. ಬೆನ್ನು? ಬಾಗಿರುತ್ತದೆ. ಕೈ ತಲೆಯ ಮೇಲೆ ಹೋಗುವ ಕೆಲಸ ಎಷ್ಟು? ತಳ್ಳುವ ಕೆಲಸ ಎಷ್ಟು? ಎಲ್ಲರೂ ಯೋಚಿಸಿದರು. ದಿನವಿಡೀ ಮೈ ದಣಿಯುತ್ತದೆ, ಆದರೆ ಒಂದೇ ಕಡೆ ದಣಿಯುತ್ತದೆ. ಉಳಿದ ಕಡೆ ಸೊರಗುತ್ತದೆ.

ಇನ್ನೊಂದು ಮಾತನ್ನೂ ಹೇಳಬೇಕು. ಕೆಲವು ಅಕ್ಕಂದಿರು ಇಟ್ಟಿಗೆ ಹೊರುತ್ತಾರೆ, ಕಲ್ಲು ಹೊರುತ್ತಾರೆ, ಜಲ್ಲಿ ತುಂಬುತ್ತಾರೆ. ಅವರಿಗೆ ಇನ್ನಷ್ಟು ಭಾರ ಬೇಡ. ಅವರಿಗೆ ಬೇಕಾದದ್ದು ಊಟ, ನಿದ್ದೆ ಮತ್ತು ವಾರಕ್ಕೊಂದು ರಜೆ. ಕೆಳಗೆ ಹೇಳುವ ಗೋಡೆ ಹತ್ತುವ ಬೆರಳಿನ ಅಭ್ಯಾಸ ಮಾತ್ರ ಅವರೂ ಮಾಡಬಹುದು.

ಗೋಡೆ ತಳ್ಳುವುದು

ಇದಕ್ಕೆ ದುಡ್ಡು ಬೇಡ. ಒಂದು ಗೋಡೆ ಸಾಕು. ಸೀರೆ ಉಟ್ಟೇ ಮಾಡಬಹುದು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಳ್ಳಿ. ಚಪ್ಪಲಿ ಬಿಡಿ. ನೆಲ ಒಣಗಿರಲಿ.

ಗೋಡೆಯಿಂದ ಒಂದು ಕೈಯಳತೆ ದೂರ ನಿಲ್ಲಿ. ಎರಡೂ ಅಂಗೈ ಗೋಡೆಯ ಮೇಲೆ ಇಡಿ. ಭುಜದ ಎತ್ತರಕ್ಕೆ, ಭುಜದಷ್ಟೇ ಅಗಲಕ್ಕೆ. ತಲೆಯಿಂದ ಹಿಮ್ಮಡಿವರೆಗೆ ಮೈ ನೆಟ್ಟಗಿರಲಿ. ಹಿಂಭಾಗ ಹಿಂದಕ್ಕೆ ಚಾಚಬೇಡಿ. ಇದೇ ಎಲ್ಲರೂ ಮಾಡುವ ತಪ್ಪು.

ಈಗ ಮೊಣಕೈ ಮಡಿಸುತ್ತ ಎದೆಯನ್ನು ಗೋಡೆಯ ಹತ್ತಿರ ತನ್ನಿ. ಒಂದು, ಎರಡು, ಮೂರು ಎಣಿಸಿ. ಉಸಿರು ಒಳಗೆ ಬರಲಿ. ಆಮೇಲೆ ಗೋಡೆಯನ್ನು ತಳ್ಳಿ ಹಿಂದಕ್ಕೆ ಬನ್ನಿ. ಮತ್ತೆ ಒಂದು, ಎರಡು, ಮೂರು. ಉಸಿರು ಹೊರಗೆ ಬಿಡಿ. ಉಸಿರು ಕಟ್ಟಬೇಡಿ. ಬಿಪಿ ಇದ್ದವರು ಇದನ್ನು ಚೆನ್ನಾಗಿ ನೆನಪಿಡಿ. ಉಸಿರು ಕಟ್ಟಿ ಮುಕ್ಕರಿದರೆ ಬಿಪಿ ಏರುತ್ತದೆ.

ಎಂಟು ಸಲ ಮಾಡಿ. ಒಂದು ನಿಮಿಷ ಕೂತುಕೊಳ್ಳಿ. ಮತ್ತೆ ಎಂಟು ಸಲ. ಮೊದಲ ದಿನ ಇಷ್ಟು ಸಾಕು. ಐದೇ ಆದರೆ ಐದೇ ಮಾಡಿ.

ಒಂದೆರಡು ದಿನ ರಟ್ಟೆ, ಎದೆ ನೋಯಬಹುದು. ಮೊದಲ ದಿನ ನಾಟಿ ಮಾಡಿದ ಮೇಲೆ ಮೈಕೈ ನೋಯುತ್ತದಲ್ಲ, ಆ ತರಹದ ನೋವು. ಅದಕ್ಕೆ ಹೆದರಬೇಡಿ. ಕೀಲಿನಲ್ಲಿ ಚುಚ್ಚಿದ ಹಾಗೆ ನೋವು ಬಂದರೆ ಮಾತ್ರ ನಿಲ್ಲಿಸಿ.

ಹದಿನೈದು ಸಲ ಸಲೀಸಾಗಿ ಆಗುತ್ತದೆ ಅನ್ನಿ. ಆಗ ಗೋಡೆ ಬಿಟ್ಟು ಅಡುಗೆಮನೆಯ ಕಟ್ಟೆಯ ಅಂಚು ಹಿಡಿಯಿರಿ. ಅದೂ ಸಲೀಸಾದರೆ ಜಗಲಿಯ ಅಂಚು. ಕೈ ಇಡುವ ಜಾಗ ಕೆಳಗೆ ಹೋದಷ್ಟೂ ನಿಮ್ಮ ಮೈಭಾರ ಕೈಯ ಮೇಲೆ ಹೆಚ್ಚು ಬೀಳುತ್ತದೆ. ಬಿದ್ದಾಗ ನೆಲಕ್ಕೆ ಕೈ ಊರಿ ಏಳಲು ಬೇಕಾದ ಬಲ ಇದೇ. ಅಲುಗಾಡುವ ಮೇಜು, ಸ್ಟೂಲು ಹಿಡಿಯಬೇಡಿ.

ನೀರಿನ ಬಾಟಲಿ, ಮರಳಿನ ಚೀಲ

ಒಂದು ಲೀಟರ್ ನೀರು ಒಂದು ಕಿಲೋ ತೂಗುತ್ತದೆ. ಈ ಲೆಕ್ಕ ನೆನಪಿಡಿ. ಬಾಟಲಿಯೇ ನಮ್ಮ ತೂಕದ ಕಲ್ಲು. ಅರ್ಧ ಲೀಟರಿನಿಂದ ಶುರು ಮಾಡಿ. ಕೈ ಇಳಿಬಿಟ್ಟು, ಮೊಣಕೈ ಪಕ್ಕೆಗೆ ತಾಗಿಸಿ, ಬಾಟಲಿಯನ್ನು ಭುಜದವರೆಗೆ ಎತ್ತಿ ಇಳಿಸಿ. ಭುಜ ನೋಯದವರು ಭುಜದಿಂದ ತಲೆಯ ಮೇಲಕ್ಕೂ ಎತ್ತಬಹುದು. ಇಳಿಸುವಾಗ ಧೊಪ್ಪೆಂದು ಬಿಡಬೇಡಿ. ನಿಧಾನವಾಗಿ ಇಳಿಸುವುದರಲ್ಲೇ ಅರ್ಧ ಕೆಲಸ ಇದೆ.

ಬಾವಿ ಹಗ್ಗ ಸೇದುವ ಕೆಲಸ ಹೋಯಿತಲ್ಲ, ಅದಕ್ಕೆ ಬದಲಿ ಹೀಗೆ. ಒಂದು ಬಟ್ಟೆ ಚೀಲದಲ್ಲಿ ಎರಡು ಕಿಲೋ ಮರಳು ತುಂಬಿ. ಎಡಗೈಯನ್ನು ಕಟ್ಟೆಯ ಮೇಲೆ ಊರಿ ಸ್ವಲ್ಪ ಬಾಗಿ. ಬೆನ್ನು ನೆಟ್ಟಗಿರಲಿ. ಬಲಗೈಯಲ್ಲಿ ಚೀಲ ಹಿಡಿದು ಪಕ್ಕೆಯ ಹತ್ತಿರಕ್ಕೆ ಎಳೆಯಿರಿ. ಮೊಣಕೈ ಹಿಂದಕ್ಕೆ ಹೋಗಲಿ. ಆಮೇಲೆ ಕೈ ಬದಲಿಸಿ. ದಿನವಿಡೀ ಬಾಗುವ ನಮಗೆ ಇದು ಬೆನ್ನಿನ ಮೇಲ್ಭಾಗ ಗಟ್ಟಿ ಮಾಡುತ್ತದೆ. ಸೊಂಟ ನೋವು ಇದ್ದವರು ಇದನ್ನು ಬಿಡಿ.

ಮುಷ್ಟಿಗೆ ಟವಲು ಇದ್ದೇ ಇದೆ. ಒದ್ದೆ ಮಾಡಿ, ಕೊನೆಯ ಹನಿವರೆಗೆ ಹಿಂಡಿ. ಒಮ್ಮೆ ಬಲಕ್ಕೆ, ಒಮ್ಮೆ ಎಡಕ್ಕೆ ತಿರುಚಿ.

ಇವನ್ನೆಲ್ಲ ದಿನಾ ಮಾಡಬೇಕಿಲ್ಲ. ವಾರಕ್ಕೆ ಎರಡು ದಿನ ಸಾಕು. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದೂ ಅದನ್ನೇ: ವಾರಕ್ಕೆ ಎರಡು ದಿನವಾದರೂ ಮೈಯ ದೊಡ್ಡ ಮಾಂಸಖಂಡಗಳಿಗೆಲ್ಲ ಬಲದ ಕೆಲಸ ಕೊಡಬೇಕು. ನಡುವೆ ಒಂದು ದಿನ ಬಿಡುವು ಇರಲಿ. ಮಾಂಸಖಂಡ ಬೆಳೆಯುವುದು ಆ ಬಿಡುವಿನಲ್ಲಿ. ಹದಿನೈದು ಇಪ್ಪತ್ತು ನಿಮಿಷದಲ್ಲಿ ಎಲ್ಲ ಮುಗಿಯುತ್ತದೆ. ಅಷ್ಟು ಹೊತ್ತು ಸಿಗುವುದಿಲ್ಲವೇ? ನನಗೂ ಸಿಗುವುದಿಲ್ಲ. ಅನ್ನ ಬೇಯುವಾಗ ಗೋಡೆ ತಳ್ಳುತ್ತೇನೆ.

ಎದೆನೋವು ಇರುವವರು, ಹೃದಯದ ಕಾಯಿಲೆ ಇರುವವರು, ಬಿಪಿ ಬಹಳ ಹೆಚ್ಚು ಇರುವವರು, ಹೊಸದಾಗಿ ಆಪರೇಷನ್ ಆದವರು ಮೊದಲು ಡಾಕ್ಟರನ್ನು ಕೇಳಿ. ಮಾಡುವಾಗ ಎದೆ ಹಿಡಿದರೆ, ತಲೆ ಸುತ್ತಿದರೆ ಅಲ್ಲೇ ಕೂತುಬಿಡಿ. ಎದೆ ನೋವು ಬಂದು ತೋಳಿಗೋ ದವಡೆಗೋ ಇಳಿದರೆ ತಡ ಮಾಡಬೇಡಿ, ಕೂಡಲೇ ಆಸ್ಪತ್ರೆಗೆ ಹೋಗಿ.

ಮತ್ತೆ ಕೊಡ. 15 ಲೀಟರ್ ಹಿಡಿಯುವ ಪ್ಲಾಸ್ಟಿಕ್ ಕೊಡ ತುಂಬಿದರೆ 15 ಕಿಲೋ. ಅದನ್ನು ಒಂದೇ ಸೊಂಟಕ್ಕೆ ಏರಿಸುತ್ತೇವೆ. ವ್ಯಾಯಾಮಕ್ಕೆ ಅದು ಬೇಡ. ನೀರು ತರಲೇಬೇಕಾದರೆ ಎರಡು ಕೊಡಕ್ಕೆ ಅರ್ಧ ಅರ್ಧ ತುಂಬಿ. ಮೊಣಕಾಲು ಮಡಿಸಿ, ಕೊಡವನ್ನು ಮೈಗೆ ಹತ್ತಿರ ಹಿಡಿದು ಎತ್ತಿ.

ಹಿಡಿದುಕೊಂಡ ಭುಜ

ದೊಡ್ಡಕ್ಕನಿಗೆ ಬಾಟಲಿ ಎತ್ತಿಸಲಿಲ್ಲ. ಮೊದಲು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋದೆವು. ಆಶಾ ಕಾರ್ಯಕರ್ತೆಯೂ ಜೊತೆಗೆ ಬಂದರು. ಡಾಕ್ಟರು ಭುಜ ಹಿಡಿದು ನೋಡಿದರು. ಬೆರಳಿನ ರಕ್ತ ಪರೀಕ್ಷೆ ಮಾಡಿಸಿದರು. ಸಕ್ಕರೆ ಕಾಯಿಲೆ ಇತ್ತು! ದೊಡ್ಡಕ್ಕನಿಗೆ ಅದುವರೆಗೂ ಗೊತ್ತೇ ಇರಲಿಲ್ಲ.

ಭುಜದ ಕೀಲಿನ ಸುತ್ತ ಒಂದು ತೆಳು ಪೊರೆ ಇದೆ. ಅದು ದಪ್ಪವಾಗಿ ಬಿಗಿದುಕೊಂಡರೆ ಕೈ ಮೇಲೆ ಏಳುವುದಿಲ್ಲ, ಬೆನ್ನ ಹಿಂದೆ ಹೋಗುವುದಿಲ್ಲ. 40ರಿಂದ 60 ವರ್ಷದೊಳಗೆ ಇದು ಹೆಚ್ಚು. ಗಂಡಸರಿಗಿಂತ ಹೆಂಗಸರಿಗೆ ಹೆಚ್ಚು. ಸಕ್ಕರೆ ಕಾಯಿಲೆ ಇದ್ದವರಿಗೆ ಇನ್ನೂ ಹೆಚ್ಚು. ಸರಿಹೋಗಲು ಒಂದು ವರ್ಷ, ಎರಡು ವರ್ಷವೂ ಹಿಡಿಯಬಹುದು. ಯಾರಾದರೂ ಕೈಯನ್ನು ಜೋರಾಗಿ ಎಳೆದು "ಬಿಡಿಸುತ್ತೇನೆ" ಅಂದರೆ ಒಪ್ಪಬೇಡಿ. ನೋವು ಹೆಚ್ಚಾಗುತ್ತದೆ.

ಡಾಕ್ಟರು ಹೇಳಿಕೊಟ್ಟದ್ದು ಬೆರಳಿನಿಂದ ಗೋಡೆ ಹತ್ತುವುದು. ಗೋಡೆಗೆ ಮುಖ ಮಾಡಿ ನಿಲ್ಲಬೇಕು. ಎರಡು ಬೆರಳನ್ನು ಇರುವೆ ಹತ್ತಿದ ಹಾಗೆ ಮೆಲ್ಲಗೆ ಮೇಲಕ್ಕೆ ನಡೆಸಬೇಕು. ಬಿಗಿ ಅನ್ನಿಸಿದ ಕಡೆ ನಿಲ್ಲಬೇಕು. ಹತ್ತು ಎಣಿಸಿ ಹಾಗೇ ಇಳಿಸಬೇಕು. ದೊಡ್ಡಕ್ಕನ ಮೊಮ್ಮಗ ಬೆರಳು ಮುಟ್ಟಿದ ಜಾಗಕ್ಕೆ ಸೀಮೆಸುಣ್ಣದ ಗೆರೆ ಎಳೆಯುತ್ತಿದ್ದ. ದಿನಾ ಹೊಸ ಗೆರೆ ಬರಲಿಲ್ಲ. ಕೆಲವು ದಿನ ಹಳೆಯ ಗೆರೆಗಿಂತ ಕೆಳಗೇ ನಿಂತಿತು. "ಗೋಡೆ ಕೊಳೆ ಆಯ್ತು" ಎಂದು ಸೊಸೆ ಬೈದಳು. ಗೆರೆ ಅಳಿಸಲಿಲ್ಲ.

ಹೊಟ್ಟೆಗೂ ಬೇಕು

ಬರಿ ಮುದ್ದೆ, ಬರಿ ಅನ್ನ ಉಂಡರೆ ರಟ್ಟೆ ಬೆಳೆಯುವುದಿಲ್ಲ. ಮಾಂಸಖಂಡಕ್ಕೆ ಪ್ರೋಟೀನ್ ಬೇಕು. 50 ಕಿಲೋ ತೂಕದ ಹೆಂಗಸಿಗೆ ದಿನಕ್ಕೆ ಸುಮಾರು 40 ಗ್ರಾಂ. ಒಂದು ಮೊಟ್ಟೆಯಲ್ಲಿ 6 ಗ್ರಾಂ ಇದೆ. ಒಂದು ದೊಡ್ಡ ಲೋಟ ಹಾಲಿನಲ್ಲೂ ಹೆಚ್ಚು ಕಡಿಮೆ ಅಷ್ಟೇ. ಒಂದು ಹಿಡಿ ಕಡಲೆಕಾಯಿ ಬೀಜದಲ್ಲಿ 7 ಗ್ರಾಂ. ಹುರುಳಿ, ಅವರೆ, ಅಲಸಂದೆ, ತೊಗರಿ ಎಲ್ಲದರಲ್ಲೂ ಇದೆ. ಎಲುಬಿಗೆ ಸುಣ್ಣದ ಅಂಶ ಬೇಕು. ಅದು ರಾಗಿಯಲ್ಲಿ, ಹಾಲಿನಲ್ಲಿ, ನುಗ್ಗೆ ಸೊಪ್ಪಿನಲ್ಲಿ, ಎಳ್ಳಿನಲ್ಲಿ ಇದೆ.

ಸಾರಿನ ಮೇಲಿನ ತಿಳಿ ನಮಗೆ, ತಳದ ಕಾಳು ಮಕ್ಕಳಿಗೆ, ಗಂಡಸರಿಗೆ. ಎಷ್ಟು ಮನೆಯಲ್ಲಿ ಹೀಗಿಲ್ಲ? ಕೊನೆಗೆ ಉಣ್ಣುವವರಿಗೆ ಕಾಳು ಉಳಿಯುವುದಿಲ್ಲ. ಬಡಿಸುವ ಮೊದಲೇ ನಿಮ್ಮ ಪಾಲಿನ ಒಂದು ಸೌಟು ಕಾಳು ಬೇರೆ ಬಟ್ಟಲಿಗೆ ತೆಗೆದಿಡಿ. ಇದರಲ್ಲಿ ಕಳ್ಳತನ ಏನೂ ಇಲ್ಲ.

ಸುಮ್ಮನೆ ಕೂತರೂ ಸುಸ್ತು, ಮೆಟ್ಟಿಲು ಹತ್ತಿದರೆ ಏದುಸಿರು ಬರುವವರು ರಕ್ತ ಪರೀಕ್ಷೆ ಮಾಡಿಸಿ. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ನಮ್ಮ ರಾಜ್ಯದ 15ರಿಂದ 49 ವರ್ಷದ ಹೆಂಗಸರಲ್ಲಿ ಹೆಚ್ಚು ಕಡಿಮೆ ಅರ್ಧದಷ್ಟು ಮಂದಿಗೆ ರಕ್ತ ಕಡಿಮೆ. ರಕ್ತ ಇಲ್ಲದ ಮೈಗೆ ಮೊದಲು ಔಷಧಿ, ಆಮೇಲೆ ಗೋಡೆ.

ದೊಡ್ಡಕ್ಕನ ನೋಟುಬುಕ್ಕು

ಈಗ ಏಳು ತಿಂಗಳಾಯಿತು. ದೊಡ್ಡಕ್ಕನ ತೋಳು ಕಿವಿಗೆ ತಾಗುವುದಿಲ್ಲ. ನಾಲ್ಕು ಬೆರಳು ಕಡಿಮೆ ಇದೆ. ಬೆನ್ನ ಹಿಂದೆ ಕೈ ಇನ್ನೂ ಪೂರ್ತಿ ಹೋಗುವುದಿಲ್ಲ. ಆದರೆ ತುರುಬು ತಾವೇ ಕಟ್ಟಿಕೊಳ್ಳುತ್ತಾರೆ. ನೋವು ಕಡಿಮೆ ಆದ ಮೇಲೆ ಗೋಡೆ ತಳ್ಳುವುದನ್ನೂ ಶುರು ಮಾಡಿದ್ದಾರೆ. ನೋಟುಬುಕ್ಕಿನಲ್ಲಿ ಬರೆದಿಡುತ್ತಾರೆ. ಅವರ ಒಪ್ಪಿಗೆ ಕೇಳಿ ಒಂದು ವಾರದ ಪುಟ ಇಲ್ಲಿ ಹಾಕಿದ್ದೇನೆ. ತಪ್ಪು ತಿದ್ದುವಂಥದ್ದು ಏನೂ ಇರಲಿಲ್ಲ.

ಸೋಮವಾರ – ಗೋಡೆ 8, ಮತ್ತೆ 8. ಟವಲು 10.
ಮಂಗಳವಾರ – ಬೆರಳು ಮಾತ್ರ.
ಬುಧವಾರ – ಬೆರಳು. ಗೆರೆ ಮೇಲೆ ಹೋಯಿತು.
ಗುರುವಾರ – ಮದುವೆ. ಏನೂ ಇಲ್ಲ. ಹೋಳಿಗೆ ತಿಂದೆ.
ಶುಕ್ರವಾರ – ಗೋಡೆ 8, ಮತ್ತೆ 6. ಸಾಕಾಯಿತು.
ಶನಿವಾರ – ಬೆರಳು.
ಭಾನುವಾರ – ಮೊಟ್ಟೆ 1. ನನ್ನ ಪಾಲು.

ಈಗ ನಿಮ್ಮ ವಾರ ಬರೆಯಿರಿ.

ಸೋಮವಾರ – ____________
ಮಂಗಳವಾರ – ____________
ಬುಧವಾರ – ____________
ಗುರುವಾರ – ____________
ಶುಕ್ರವಾರ – ____________
ಶನಿವಾರ – ____________
ಭಾನುವಾರ – ____________